ಗಟ್ಟಿ ಐತ್ರಿ, ಅದಕ್ಕ ಅಂಜಿಕಿ

ಆ ರಿಪೇರಿ ಅಂಗಡಿ ಜೋರಾಪುರ ಪೇಟೆಯಲ್ಲಿತ್ತು ಎಂದುಕೊಂಡಿದ್ದೇನೆ. ಅಲ್ಲಿನ ಮೆಕ್ಯಾನಿಕ್ ಕನ್ನಡಕ ಹಾಕುತ್ತಿದ್ದರೆಂಬುದನ್ನು ನೆನಪಿಗೆ ನಾನೇ ಆಮೇಲೆ ಸೇರಿಸಿರಬಹುದು. ಆದರೆ ಹಳೆಯ ಆಂಪ್ಲಿಫೈಯರ್ ಬಂದರೆ ಅವರು ಅದನ್ನು ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ, ಕರೆಂಟ್ ಹೊಡೆದರೆ ಬೆರಳು ಅದನ್ನೇ ಬಿಗಿಹಿಡಿದುಬಿಡುತ್ತವೆಂದು ಕೈಯ ಹಿಂಬದಿಯಿಂದ ಸವರುತ್ತಿದ್ದರು. ಪ್ರತಿ ಸೆಟ್ಟಿಗೂ ಒಂದೇ ಮಾತು: "ಗಟ್ಟಿ ಐತ್ರಿ, ಅದಕ್ಕ ಅಂಜಿಕಿ."

ತಿಕೋಟಾದ ನಮ್ಮ ಕಾಕಾ ತನ್ನ ಸೆಟ್ ತಂದ ದಿನ ನಾನೂ ಜೊತೆಗಿದ್ದೆ. ಮೆಕ್ಯಾನಿಕ್ ಅದನ್ನೆತ್ತಿ ನಕ್ಕರು. "ಏನ್ ವಜ್ಜಿ ಐತ್ರಿ ಯಪ್ಪಾ! ನಮಗಿಬ್ಬರಿಗೂ ಮಣ್ಣು ಕೊಟ್ಟು ಹಾಡತೈತಿದು."

ಮುಚ್ಚಳ ಬಿಚ್ಚಿದಾಗ ಅವರ ನಗು ನಿಂತಿತು. ಹಾಡಿನ ನಡುವೆ ಗುಂಯ್ ಎನ್ನುತ್ತದೆಂದು ಕಾಕಾ, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತ್ ವಾಯರನ್ನೇ ಕತ್ತರಿಸಿದ್ದ.

"ತಗಡು ಸಾಯೂದಿಲ್ರಿ, ಒಳಗ ವಾಯರ್ ಸಾಯ್ತಾವ. ಕರೆಂಟ್ ತಗಡಿಗೆ ಬಂತಂದ್ರ ಎಲ್ಲಿ ಹೋಗಬೇಕು? ನಿಮ್ಮ ಮೈಯಾಗ!"

"ಇಷ್ಟ್ ವರ್ಸ ಏನ್ ಆಗೇತಿ?" ಎಂದ ಕಾಕಾ.

ಮೆಕ್ಯಾನಿಕ್ ಹೊಸ ಅರ್ತ್ ವಾಯರ್ ಬೆಸೆದರು. "ಗುಂಯ್ ಅಂದ್ರ ಅನ್ನಲಿ. ಕತ್ತರಿ ಹಚ್ಚಬ್ಯಾಡ್ರಿ."

ಈಗ ಆ ಅಂಗಡಿಯಿಲ್ಲ. ನಿನ್ನೆ ಫೋನ್ ಮಾಡಿದಾಗ ಕಾಕಾನ ಬೆನ್ನ ಹಿಂದೆ ಅದೇ ಸೆಟ್ ಹಾಡುತ್ತಿತ್ತು, ಒಂದಿಷ್ಟೂ ಗುಂಯ್ ಇಲ್ಲದೆ.

"ಕಾಕಾ, ಆ ವಾಯರ್ ಮತ್ತ ಕತ್ತರಿಸಿದ್ಯೇನು?"

"ಎಷ್ಟ್ ಛಂದ ಹಾಡತೈತಿ ಕೇಳ ಬೇ," ಎಂದು ಅವನು ಸದ್ದು ಏರಿಸಿದ.