ಮುಂದಿನ ಕುದುರೆಯ ಸವಾರ

ಕುದುರೆ ದಂಡಿನ ಫೋಟೋ ಬೇಕು ಎಂದು ಉಮ್ಮತ್ತೂರಿನ ಕಡೆಯ ಯಜಮಾನರೊಬ್ಬರು ಚಾಮರಾಜನಗರದ ನನ್ನ ಸ್ಟುಡಿಯೋಗೆ ಬಂದಾಗ ನಾನು ತಮಾಷೆ ಎಂದುಕೊಂಡೆ. ನನ್ನ ಕಸುಬು ಮದುವೆ ಆಲ್ಬಮ್, ಪಾಸ್‌ಪೋರ್ಟ್ ಫೋಟೋ, ಹುಟ್ಟುಹಬ್ಬದ ಫ್ಲೆಕ್ಸ್, ಶ್ರದ್ಧಾಂಜಲಿ ಫ್ಲೆಕ್ಸ್. ಬದುಕಿದ್ದವರಿಗೆ ಹಳದಿ ಹಿನ್ನೆಲೆ, ಸತ್ತವರಿಗೆ ನೀಲಿ. ಇದಕ್ಕಿಂತ ಹೆಚ್ಚಿನ ವಿದ್ಯೆಯನ್ನು ಈ ಊರು ನನ್ನಿಂದ ಕೇಳಿರಲಿಲ್ಲ.

"ನಮ್ ಹೊಲದ ಬದೀಲಿ ಒಂದ್ ವೀರಗಲ್ಲು ಅದೆ ಕಣವ್ವ," ಎಂದರು ಅವರು. "ಮಳೆಗೆ ಗಾಳಿಗೆ ಸವ್ದು ಸವ್ದು ಸವಾರ್ನ ಮೊಕ್ವೇ ಕಾಣಕಿಲ್ಲ. ಈಗ ಮ್ಯಾಲೆ ಸೂರು ಆಕ್ಸಿವಿ. ಕಲ್ಲಿನ ಹಿಂದ್ಗಡೆ ಗೋಡೆ ತುಂಬ ಒಂದ್ ಪೋಟ ಬೇಕು. ಕುದ್ರೆಗಳು ನುಗ್ಗಂಡ್ ಬರ್ಬೇಕು. ನೋಡ್ದೋರು ಒಂದೆಜ್ಜೆ ಹಿಂದಕ್ಕೆ ಓಗ್ಬೇಕು."

ಬೇರೆ ಯಾರಾದರೂ ಆಗಿದ್ದರೆ ಇಂಟರ್ನೆಟ್ಟಿನಿಂದ ಕುದುರೆ ಎತ್ತಿ ಅಂಟಿಸಿ ಕೈ ತೊಳೆದುಕೊಳ್ಳುತ್ತಿದ್ದರು. ನನಗೆ ಅದು ಆಗದು. ಪ್ರತಿ ಹೋಟೆಲಿನ ಗಲ್ಲಾದ ಹಿಂದೆ ಓಡುತ್ತಲೇ ಇರುವ ಆ ಬಿಳಿ ಕುದುರೆಗಳನ್ನು ಕಂಡರೆ ಮೈ ಉರಿಯುತ್ತದೆ. ನಮ್ಮ ಕುದುರೆ, ನಮ್ಮ ಧೂಳು, ನಮ್ಮ ಮನುಷ್ಯರೇ ಇರಲಿ ಎಂದು ಹಟ ಹಿಡಿದೆ. ಆ ಹಟ ನನಗೆ ಅಪ್ಪನಿಂದ ಬಂದದ್ದು ಎಂದು ಅಮ್ಮ ಅನ್ನುತ್ತಾಳೆ. ಅಪ್ಪ ಈಗಿಲ್ಲ, ಹಾಗಾಗಿ ಮನೆಯಲ್ಲಿ ಕೆಟ್ಟದ್ದೆಲ್ಲ ಅವರಿಂದಲೇ ಬಂದದ್ದು.

ಸವಾರನಿಗಾಗಿ ದೂರ ಹುಡುಕಬೇಕಾಗಿರಲಿಲ್ಲ. ನನ್ನ ತಮ್ಮ ಮದ್ದೂರು ವಲಯದಲ್ಲಿ ಅರಣ್ಯ ಇಲಾಖೆಯ ವಾಚರ್. ಕಾಡು ಬಿಟ್ಟು ಹೊಲಕ್ಕೆ ಇಳಿದ ಆನೆಗಳನ್ನು ಮತ್ತೆ ಕಾಡಿಗೆ ಅಟ್ಟುವುದು ಅವನ ಕೆಲಸ. ಎತ್ತರದ ಆಳು, ಅಗಲ ಎದೆ, ಮೀಸೆಯೂ ಉಂಟು. ಕುದುರೆಯನ್ನು ಹುಡುಕಿಕೊಟ್ಟವನೂ ಅವನೇ. ಗುಂಡ್ಲುಪೇಟೆಯಲ್ಲಿ ಮದುವೆ ಗಂಡುಗಳನ್ನು ಹೊತ್ತು ಮೆರವಣಿಗೆ ಹೋಗುವ ಬಿಳಿ ಹೆಣ್ಣು ಕುದುರೆಯೊಂದಿತ್ತು. ಬ್ಯಾಂಡ್‌ಸೆಟ್ಟಿನ ಹಿಂದೆ ನಡೆದು ನಡೆದು ಓಟವನ್ನೇ ಮರೆತ ಮುದುಕಿ. ಪಟಾಕಿಗೂ ಕದಲಲಿಲ್ಲ. ಕೊನೆಗೆ ಮಾಲೀಕರು ಹುರುಳಿ ಚೀಲ ಹಿಡಿದು ಮೈದಾನದ ಆ ತುದಿಗೆ ಓಡಿದರು ನೋಡಿ, ಮುದುಕಿಗೆ ಎಲ್ಲಿಂದ ಬಂತೋ ಆ ಶಕ್ತಿ. ಅಡ್ಡಡ್ಡ, ಎದುರಿಗೆ, ನೆಲಕ್ಕೆ ಮಲಗಿಕೊಂಡು, ಹೀಗೆ ಎಲ್ಲ ಕೋನಗಳಿಂದ ತೆಗೆದುಕೊಂಡೆ.

ತಮ್ಮನನ್ನು ಓಡುವ ಕುದುರೆಯ ಮೇಲೆ ಕೂರಿಸುವ ಧೈರ್ಯ ನನಗಿರಲಿಲ್ಲ. ಕಾಂಪೌಂಡ್ ಗೋಡೆಯ ಮೇಲೆ ರಾಗಿ ಮೂಟೆ ಇಟ್ಟು, ಅದರ ಮೇಲೆ ಕೂರಿಸಿ, ಕೈಗೆ ಬಿದಿರಿನ ಗಳು ಕೊಟ್ಟೆ. ತಲೆಗೆ ಅಮ್ಮನ ಹಳೆಯ ಕೆಂಪು ಸೀರೆ ಸುತ್ತಿದೆ. ರೋಷ ತೋರಿಸೋ ಎಂದರೆ ಕಿಸಕ್ಕನೆ ನಗುತ್ತಿದ್ದ. ನನಗೆ ರೇಗಿಹೋಯಿತು.

"ಆನೆ ಎದ್ರಿಗೆ ತಿರುಗ್ ನಿಂತಾಗ ಎಂಗ್ ಕೂಗ್ತಿಯೋ ಅಂಗ್ ಕೂಗ್ಲಾ," ಎಂದೆ.

ನಗು ನಿಂತಿತು. ಬಾಯಿ ಅಗಲವಾಗಿ ತೆರೆದು, ಕತ್ತಿನ ನರ ಉಬ್ಬಿಸಿ ಅವನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಹೊರಗೆ ಬಂದರು. ನನಗೆ ಬೇಕಾಗಿದ್ದ ಮುಖ ಸಿಕ್ಕಿತು. ಅದು ಕೊಲ್ಲಲು ಹೊರಟವನ ಮುಖವಲ್ಲ, ಸಾವು ಎದುರಿಗೆ ಬಂದವನ ಮುಖ ಎಂಬುದು ಆಗ ನನ್ನ ತಲೆಗೆ ಹೋಗಲಿಲ್ಲ. ಚೆನ್ನಾಗಿ ಬಂದಿದೆ ಎಂದು ಸಂತೋಷಪಟ್ಟೆ.

ಮುಂದಿನದು ಕಂಪ್ಯೂಟರಿನ ಕೆಲಸ. ಅದೊಂದೇ ಕುದುರೆಯನ್ನು ಕಪ್ಪು ಮಾಡಿದೆ, ಕಂದು ಮಾಡಿದೆ, ಬೂದು ಮಾಡಿದೆ. ಮದುವೆಯ ಗೊಂಡೆ ಅಳಿಸಿದೆ. ಬಿದಿರಿನ ಗಳುಗಳಿಗೆ ಈಟಿಯ ಮೊನೆ ಬಂತು. ಹಿಂದಿನ ಸವಾರರಿಗೆ ಒಬ್ಬರ ಹುಬ್ಬು, ಇನ್ನೊಬ್ಬರ ಮೂಗು, ಮತ್ತೊಬ್ಬರ ಗಡ್ಡ ಕೂಡಿಸಿ ಯಾರೂ ಅಲ್ಲದ ಮುಖಗಳನ್ನು ಮಾಡಿದೆ. ಮೋಡ ಬಂಡೀಪುರದ ಹೆದ್ದಾರಿಯದು, ಧೂಳು ಮನೆಗೆ ಮರಳುತ್ತಿದ್ದ ಕುರಿಮಂದೆಯದು. ಮುಂದಿನ ಕುದುರೆಯ ಸವಾರನನ್ನು ಮಾತ್ರ ಮುಟ್ಟಲಿಲ್ಲ. ನನ್ನ ತಮ್ಮ ಇದ್ದ ಹಾಗೆಯೇ ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ದೊಡ್ಡವನಾಗಿ ನುಗ್ಗಿ ಬರುತ್ತಿದ್ದ.

ಗೋಡೆಗೆ ಏರಿಸುವ ದಿನ ಸೋಮವಾರ. ಮಗನ ಫೋಟೋ ನೋಡಬೇಕೆಂದು ಅಮ್ಮನೂ ಬಸ್ಸು ಹತ್ತಿ ಬಂದಳು. ತಮ್ಮನಿಗೆ ರಜೆ ಸಿಕ್ಕಿರಲಿಲ್ಲ. ಚಿತ್ರ ಬಿಚ್ಚಿದಾಗ ಜನ ನಿಜಕ್ಕೂ ಒಂದು ಹೆಜ್ಜೆ ಹಿಂದಕ್ಕೆ ಸರಿದರು, ನನಗೆ ಹೆಮ್ಮೆಯಾಯಿತು. ಯಜಮಾನರು ಕಲ್ಲಿಗೆ ವಿಭೂತಿ ಬಳಿದರು. ಆಮೇಲೆ ಸ್ಟೂಲು ಹತ್ತಿ, ಮುಂದಿನ ಸವಾರನ ಹಣೆಗೆ ಕುಂಕುಮ ಇಟ್ಟರು. ಅವನ ಮುಖದ ಸುತ್ತ ಸೇವಂತಿಗೆ ಹಾರ ಇಳಿಬಿಟ್ಟರು. ಕೆಳಗೆ ಬಾಳೆ ಎಲೆ ಹಾಸಿ ಅನ್ನ, ಸಾರು, ವಡೆ ಬಡಿಸಿ ಎಡೆ ಇಟ್ಟರು. ಎಡೆ ಇಡುವುದು ಸತ್ತವರಿಗೆ. ಕಲ್ಲಿನೊಳಗಿನ ವೀರನಿಗೆ ಇಡುತ್ತಿದ್ದುದನ್ನು, ಮುಖ ಕಂಡಿತಲ್ಲ ಎಂದು, ಆ ಮುಖಕ್ಕೇ ಇಟ್ಟುಬಿಟ್ಟರು. ಅವರದೇನೂ ತಪ್ಪಿಲ್ಲ. ಅದಕ್ಕೆಂದೇ ಅವರು ಫೋಟೋ ಮಾಡಿಸಿದ್ದು.

ಅಮ್ಮ ನನ್ನ ರಟ್ಟೆ ಹಿಡಿದಳು. ಬಿಡಿಸಿಕೊಂಡಾಗ ಉಗುರಿನ ಗುರುತು ಮೂಡಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ, "ಬದ್ಕಿರೋ ಮಗೀಗೆ ಎಡೆ ಇಟ್ಬುಟ್ರಲ್ಲ ಕಣಮ್ಮಿ," ಎಂದಳು.

"ಪ್ಲಾಸ್ಟಿಕ್ ಶೀಟಮ್ಮ ಅದು," ಎಂದೆ. "ಪ್ಲಾಸ್ಟಿಕ್ಕಿಗೆ ಅನ್ನ ಇಟ್ಟಿದ್ದಾರೆ."



ಮರುದಿನದಿಂದ ಫೋನುಗಳು ಬರತೊಡಗಿದವು. ಹಾರ ಹಾಕಿದ ಚಿತ್ರವನ್ನು ಯಾರೋ ಮೊಬೈಲಿನಲ್ಲಿ ತೆಗೆದಿದ್ದರು. ಬರೀ ಮುಖ, ಹಾರ, ಕುಂಕುಮ, ಕುದುರೆ ಕಾಣುವುದಿಲ್ಲ. ಅದು ವಾಟ್ಸಾಪಿನಲ್ಲಿ ಊರಿಂದೂರಿಗೆ ಹೋಗಿ ಗುಂಡ್ಲುಪೇಟೆ ತಲುಪುವಷ್ಟರಲ್ಲಿ ಕೆಳಗೆ 'ಓಂ ಶಾಂತಿ' ಸೇರಿಕೊಂಡಿತ್ತು. ವಾಚರ್ ಹುಡುಗ ಹೋಗಿಬಿಟ್ಟನಂತೆ, ಆನೆಯಂತೆ, ಪಾಪ ಚಿಕ್ಕ ವಯಸ್ಸು. ನಮ್ಮ ನೆಂಟರೊಬ್ಬರು ಅಳುತ್ತಲೇ ಮನೆಗೆ ಬಂದು, ಬಾಗಿಲಲ್ಲಿ ರಂಗೋಲಿ ನೋಡಿ ಪೆಚ್ಚಾದರು. ಅಮ್ಮ ಅವರಿಗೆ ಕಾಫಿ ಕೊಟ್ಟಳು.

ತಮ್ಮನಿಗೆ ಇದೆಲ್ಲ ತಮಾಷೆ. "ಸತ್ರೂ ಡ್ಯೂಟಿ ತಪ್ಪಕಿಲ್ಲ ಕಣಕ್ಕ," ಎಂದು ಫೋನಿನಲ್ಲಿ ನಕ್ಕ. "ಬೆಳಿಗ್ಗೆ ಟೀ ಅಂಗ್ಡಿಲಿ ಒಬ್ಬ ನನ್ನ ಮುಟ್ಟಿ ನೋಡ್ಬುಟ್ಟ."

ಆ ವಾರವೇ ಒಂಟಿ ಸಲಗವೊಂದು ಅವನನ್ನು ಅಟ್ಟಿಸಿಕೊಂಡು ಬಂತು. ಹಾಡುಹಗಲು, ಅರಿಶಿನದ ಹೊಲ. ಪಟಾಕಿಗೆ ಹೆದರಿ ಕಾಡಿನ ಕಡೆ ಹೊರಟಿದ್ದ ಆನೆ, ಏನನ್ನಿಸಿತೋ, ತಿರುಗಿ ನಿಂತಿತು. ಜೊತೆಗಿದ್ದವರೆಲ್ಲ ಚದುರಿದರು. ಆನೆ ಅಷ್ಟೂ ಜನರಲ್ಲಿ ಇವನನ್ನೇ ಆರಿಸಿಕೊಂಡಿತು. ಓಡುತ್ತಾ ಓಡುತ್ತಾ, ಆನೆಗಳು ದಾಟದಂತೆ ಕಾಡಂಚಿನಲ್ಲಿ ತೋಡಿದ ಕಂದಕದೊಳಗೆ ಬಿದ್ದ, ಅದರಿಂದ ಉಳಿದ. ಮನೆಗೆ ಬಂದಾಗ ಅಂಗಿ ಹರಿದಿತ್ತು, ಹಣೆಗೆ ಕಲ್ಲು ತಗುಲಿ ಗಾಯವಾಗಿತ್ತು. ಸರಿಯಾಗಿ ಕುಂಕುಮ ಇಟ್ಟ ಜಾಗದಲ್ಲಿ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ ಎಂದು ನಾನು ಗಟ್ಟಿಯಾಗಿ ಹೇಳಿದೆ. ಯಾರೂ ಕೇಳಿರದಿದ್ದರೂ ಇನ್ನೊಂದು ಸಲ ಹೇಳಿದೆ. ಅಮ್ಮ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಗಾಯ ಒರೆಸುತ್ತಲೇ ಇದ್ದಳು. ಗಾಯ ಒಣಗುವ ಮೊದಲೇ ಅವನು ಕೆಲಸಕ್ಕೆ ಹೊರಟ.

ಅವನನ್ನು ಬಸ್ಸಿಗೆ ಹತ್ತಿಸಿ ಅಮ್ಮ ನೇರ ಸ್ಟುಡಿಯೋಗೆ ಬಂದಳು. ಒಗೆದ ಸೀರೆ ಉಟ್ಟಿದ್ದಳು, ತಲೆ ಬಾಚಿದ್ದಳು. ಫೋಟೋ ಹಿಡಿಯುವ ಸ್ಟೂಲಿನ ಮೇಲೆ ತಾನಾಗಿಯೇ ಹೋಗಿ ಕೂತಳು.

"ಅವ್ನ ಮೊಕ ತಗಿ," ಎಂದಳು.

"ಆಯ್ತಮ್ಮ, ತೆಗೀತೀನಿ. ಹಿಂದಿನವರ ಥರ ಯಾರದೂ ಅಲ್ಲದ ಮುಖ ಒಂದು ಮಾಡಿ ಹಾಕ್ತೀನಿ."

"ಅದಾಗಕಿಲ್ಲ. ಎಡೆ ಉಂಡಿರೋ ಜಾಗ ಅದು. ಖಾಲಿ ಬುಟ್ರೆ ಸಾವು ಮೊದ್ಲು ಕೂತಿದ್ದೋನ್ನೇ ಉಡುಕ್ಕಂಡ್ ಬತ್ತದೆ. ಉಸ್ರಾಡೋರು ಯಾರಾರ ಒಬ್ರು ಅಲ್ಲಿ ಕೂರ್ಬೇಕು." ಸೆರಗು ಸರಿಮಾಡಿಕೊಂಡಳು. "ನನ್ ಮೊಕ ಆಕು. ಮೀಸೆ ಬರಿ, ಯಾರ್ಗೂ ಗೊತ್ತಾಗಕಿಲ್ಲ. ನಾ ನೋಡೋದೆಲ್ಲ ನೋಡಾಯ್ತು. ನಿಮ್ಮಪ್ಪ ಅಲ್ಲೇ ಅವ್ರೆ, ನಂಗೇನ್ ಎದ್ರಿಕೆ."

ನನಗೆ ಅಳು ಬಂತು, ಸಿಟ್ಟೂ ಬಂತು. ಸಿಟ್ಟನ್ನು ಮಾತ್ರ ತೋರಿಸಿದೆ. ಏನು ಹುಚ್ಚಮ್ಮ ನಿಂಗೆ ಎಂದು ಬೈದೆ. ಅವಳು ಜಗ್ಗಲಿಲ್ಲ. ಕೊನೆಗೆ ನಾನೇ ಸೋತು, ತಮ್ಮನಿಗೆ ಹೇಳಿಕೊಟ್ಟ ಹಾಗೆಯೇ ಕೂಗಲು ಹೇಳಿದೆ. ಅಮ್ಮನಿಗೆ ಕೂಗಲು ಬರಲಿಲ್ಲ. ಬಾಯಿ ತೆರೆದು, ಕ್ಯಾಮೆರಾವನ್ನೇ ನೋಡುತ್ತಾ ಕೂತಳು. ಕ್ಲಿಕ್ ಮಾಡಿ ಮನೆಗೆ ಕಳಿಸಿದೆ.

ಒಂದು ಮುಖ ತೆಗೆದು ಇನ್ನೊಂದು ಕೂರಿಸುವುದು ನನಗೆ ಲೆಕ್ಕಕ್ಕೇ ಇಲ್ಲದ ಕೆಲಸ. ಅಮ್ಮನ ಕೆನ್ನೆಯ ಅಂಚು ಹಿಡಿದು ಕತ್ತರಿಸಿದೆ, ಮೀಸೆ ಇಟ್ಟೆ, ರುಮಾಲಿನ ಕೆಳಗೆ ಸರಿಸಿ ತಂದೆ. ಕುತ್ತಿಗೆಗೆ ಕೂರಿಸಬೇಕು ಎನ್ನುವಾಗ ಕೈ ನಿಂತುಹೋಯಿತು. ಪ್ಲಾಸ್ಟಿಕ್ ಶೀಟು ಎಂದವಳು ನಾನು. ಕಾಗೆ, ಕೊಂಬೆ ಎಂದವಳು ನಾನು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಅಮ್ಮನನ್ನು ಆ ಕುದುರೆಯ ಮೇಲೆ ಕೂರಿಸಿದರೆ ಅಮ್ಮ ಸಾಯುತ್ತಾಳೆ ಎಂದು ನನಗೆ ನನ್ನ ಹೆಸರಿನಷ್ಟೇ ಖಚಿತವಾಗಿ ಅನ್ನಿಸಿತು. ಎಷ್ಟು ಬೈದುಕೊಂಡರೂ ಬೆರಳು ಒತ್ತಲಿಲ್ಲ.

ಬೇರೆ ಯಾರ ಮುಖ ಹಾಕಲಿ? ನನ್ನ ಕಂಪ್ಯೂಟರಿನಲ್ಲಿ ಅರ್ಧ ತಾಲೂಕಿನ ಮುಖಗಳಿವೆ. ಅವರೆಲ್ಲ ಯಾರದೋ ಮಕ್ಕಳು. ಅದೂ ಅಲ್ಲದೆ ಅಮ್ಮ ಬಂದು ನೋಡುವವಳು, ತನ್ನ ಮುಖ ಅಲ್ಲಿಲ್ಲ ಎಂದರೆ ಹಿಡಿದುಬಿಡುತ್ತಾಳೆ. ಅವಳನ್ನು ಏಮಾರಿಸಬಹುದಾದ ಮುಖ ಈ ಭೂಮಿಯ ಮೇಲೆ ಒಂದೇ. ಅಮ್ಮನೂ ನಾನೂ ಒಂದೇ ಅಚ್ಚು ಎಂದು ಎಲ್ಲರೂ ಅನ್ನುವುದು. ಬಾಗಿಲು ಎಳೆದುಕೊಂಡು, ಕ್ಯಾಮೆರಾಕ್ಕೆ ಟೈಮರ್ ಇಟ್ಟು, ಅದೇ ಸ್ಟೂಲಿನ ಮೇಲೆ ಕೂತು ಬಾಯಿ ತೆರೆದೆ. ಆಮೇಲೆ ಆ ಮುಖವನ್ನು ಕುದುರೆಯ ಮೇಲೆ ಕೂರಿಸಿ, ಮೀಸೆ ಇಟ್ಟು, ಕಣ್ಣಿನ ಸುತ್ತ ಅಮ್ಮನ ಸುಕ್ಕುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಳಿದೆ.

ಯಜಮಾನರಿಗೆ ಒಂದು ನೆಪ ಬೇಕಿತ್ತು. ಹಿಂದಿನ ಕುದುರೆಯೊಂದಕ್ಕೆ ಐದು ಕಾಲು ಬಂದುಬಿಟ್ಟಿದೆ, ಬದಲಿಸಿಕೊಡುತ್ತೇನೆ ಎಂದೆ. ಸುಳ್ಳೇನಲ್ಲ, ಧೂಳಿನೊಳಗೆ ಒಂದು ಕಾಲು ಅಳಿಸಲು ಮರೆತಿದ್ದೆ. "ದೇವ್ರ್ ಕುದ್ರೆಗೆ ಐದ್ ಕಾಲಿದ್ರೇನವ್ವ, ಓಡ್ಲಿ ಬುಡು," ಎಂದರು ಅವರು. ಒಪ್ಪಿಸಲು ಸಾಕುಬೇಕಾಯಿತು.

ಹೊಸ ಚಿತ್ರ ಏರಿತು. ಮೀಸೆ, ರುಮಾಲು ಹಾಗೇ ಇದ್ದದ್ದರಿಂದ ಮುಖ ಬದಲಾದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಮತ್ತೆ ಕುಂಕುಮ, ಮತ್ತೆ ಹಾರ, ಮತ್ತೆ ಎಡೆ. ಹಳೆಯದನ್ನು ನಾನೇ ಸುತ್ತಿ ತಂದು ಹರಿದು ಹಾಕಿದೆ. ಅಮ್ಮ ಬಹಳ ಹೊತ್ತು ತಲೆಯೆತ್ತಿ ನೋಡಿದಳು. "ಮೀಸೆ ಒಪ್ತದೆ ಕಣಮ್ಮಿ ನಂಗೆ," ಎಂದಳು. ಅಂದು ಹೊಟ್ಟೆ ತುಂಬ ಉಂಡಳು.

ತಮ್ಮ ಚೆನ್ನಾಗಿದ್ದಾನೆ. ಹಣೆಯ ಮೇಲೆ ಸಣ್ಣ ಕಲೆ ಬಿಟ್ಟರೆ ಏನೂ ಇಲ್ಲ. ಅಮ್ಮನಿಗೆ ಮಂಡಿ ನೋವು ಕೂಡ ಕಡಿಮೆಯಾಗಿದೆ. ಪ್ರತಿ ಸೋಮವಾರ ಹಿತ್ತಲಿನ ಹೂ ಕಿತ್ತುಕೊಂಡು ಉಮ್ಮತ್ತೂರಿನ ಬಸ್ಸು ಹತ್ತುತ್ತಾಳೆ. ನನಗೆ ಭಯವಾಗುತ್ತದೆ. ರಸ್ತೆ ದಾಟುವಾಗ ಭಯ, ತಲೆನೋವು ಬಂದರೆ ಭಯ, ಗ್ಯಾಸ್ ಹಚ್ಚುವಾಗ ಭಯ. ಯಾರಿಗೂ ಹೇಳುವ ಹಾಗಿಲ್ಲ. ಹೇಳಿದರೆ ಅಮ್ಮ ನನ್ನನ್ನು ಆ ಕುದುರೆಯಿಂದ ಇಳಿಸಿ ತಾನು ಹತ್ತುತ್ತಾಳೆ.

ಹೋದ ಸೋಮವಾರ ವಾಪಸು ಬಂದವಳು ಜಗಲಿಯ ಮೇಲೆ ಕಾಲು ನೀಡಿ ಕೂತಳು. ಮುಖ ಬೆವರಿತ್ತು, ಗೆಲುವಾಗಿತ್ತು.

"ಇವತ್ತು ಒಳ್ಳೆ ಊವ ಇತ್ತು. ಆ ಮೊಕ ತುಂಬ ಮುಡಿಸ್ಬುಟ್ಟೆ," ಎಂದಳು. "ಕೈ ಮುಗ್ದು ಬೇಡ್ಕಂಡೆ. ತಕಳದಾದ್ರೆ ಈ ಮೊಕದೋಳ್ನೇ ಬಿರ್ರನೆ ತಕ, ನನ್ ಮಕ್ಳ ತಂಟೆಗೆ ಮಾತ್ರ ಬರ್ಬ್ಯಾಡ ಅಂತ."

ನಾನು ಅವಳಿಗೆ ನೀರು ತಂದುಕೊಟ್ಟೆ. ಬಸ್ಸಿನಲ್ಲಿ ಸೀಟು ಸಿಕ್ಕಿತೇ ಎಂದು ಕೇಳಿದೆ.