ಟವೆಲ್ಲಿನಡಿಯ ದಲ್ಲಾಳಿ

ಚಿಕ್ಕೋಡಿ ದನದ ಸಂತೆಯ ದಲ್ಲಾಳಿ ಬಾಬಾಸಾಹೇಬ ಖೋತ ನಲವತ್ತು ವರ್ಷ ಎತ್ತಿನ ವ್ಯಾಪಾರ ಕುದುರಿಸಿದ್ದು ಟವೆಲ್ಲಿನಡಿಯಲ್ಲೇ. ಅದರ ಕೆಳಗೆ ಕೊಳ್ಳುವವನ ಬೆರಳು ಒತ್ತಿ ದರ ಹೇಳಿದರೆ ಪಕ್ಕದಲ್ಲಿ ನಿಂತ ಎತ್ತಿಗೂ ತಿಳಿಯುತ್ತಿರಲಿಲ್ಲ.

ಹಾಗಾಗಿ ದನ ಮಾರುವ ವೆಬ್ ಆ್ಯಪ್ ಮಾಡಿದ ನಿಪ್ಪಾಣಿಯ ಸಮ್ಮೇದ, ಅದನ್ನು ಪರೀಕ್ಷಿಸಲು ಬಾಬಾಸಾಹೇಬನನ್ನು ಕರೆದು, ಆ್ಯಪಿನ ವಿಚಾರ ಹೊರಗೆ ಬಾಯಿ ಬಿಡುವುದಿಲ್ಲವೆಂಬ ಎಂಟು ಪುಟದ ಕರಾರು ಚಾಚಿದಾಗ ಅವನಿಗೆ ಮೈಯೆಲ್ಲ ಉರಿಯಿತು.

“ಗುಟ್ಟು ಇಡೂದು ನನಗ ಕಲಸಾಕ ಬಂದಿ ಏನಲೇ?” ಎಂದು ಗೊಣಗುತ್ತಲೇ ಸಹಿ ಹಾಕಿದ.

ಆಮೇಲೆ ತನ್ನ ಬಿಳಿ ಎತ್ತಿನ ಫೋಟೋ, ದರ ಎರಡನ್ನೂ ಆ್ಯಪಿಗೆ ಏರಿಸಿದ. ಪರೀಕ್ಷೆಗೆ ಬಂದಿದ್ದ ಇನ್ನೊಬ್ಬ ದಲ್ಲಾಳಿ ತಕ್ಷಣವೇ ತನ್ನ ಫೋನಿನಲ್ಲಿ ಆ ದರವನ್ನು ಗಟ್ಟಿಯಾಗಿ ಓದಿದ. ಬಾಬಾಸಾಹೇಬ ಹೆಗಲ ಮೇಲಿನ ಟವೆಲ್ ತೆಗೆದು ಆ ಫೋನಿನ ಮೇಲೆ ಹೊದಿಸಿದ.

“ಏನ್ ತಪ್ಪು ಕಂಡ್ತ್ರಿ ಕಾಕಾ?” ಸಮ್ಮೇದ ಕೇಳಿದ.

“ನಿನ್ನ ಗುಟ್ಟಿಗೆ ಎಂಟು ಪುಟ ಬೇಕಾತು. ನನ್ನ ಗುಟ್ಟಿಗೆ ಒಂದು ಟವೆಲ್ ಇತ್ತು, ಅದನ್ನೂ ಕಸ್ಕೊಂಡಿ.”

ಮುಂದಿನ ವಾರ ಆ್ಯಪಿನಲ್ಲಿ ದರ ಮುಚ್ಚುವ ಹೊಸ ಗುಂಡಿ ಬಂತು. ಅದರ ಹೆಸರು ‘ಟವೆಲ್’.

ಆ ಉಪಾಯ ತನ್ನದೆಂದು ಸಂತೆ ತುಂಬ ಹೇಳಿಕೊಳ್ಳಲು ಬಾಬಾಸಾಹೇಬನಿಗೆ ಈಗ ನಾಲಿಗೆ ತುರಿಸುತ್ತದೆ. ಆದರೇನು, ಸಹಿ ಹಾಕಿಬಿಟ್ಟಿದ್ದಾನೆ.