ಹನ್ನೆರಡನೆಯ ಶನಿವಾರ

ನಾನು ಓದಿದ್ದು ಶಿರಸಿಯಲ್ಲಿ, ಸಿಸ್ಟರುಗಳು ನಡೆಸುತ್ತಿದ್ದ ಒಂದು ಕಾಲೇಜಿನಲ್ಲಿ. ತೊಂಬತ್ತರ ದಶಕದ ಕೊನೆಯ ಮಾತು. ಬಿ.ಕಾಂ. ಸೇರಿದರೆ ಬಿ.ಕಾಂ. ಓದಿದರಾಯಿತು ಎಂದುಕೊಂಡಿದ್ದವನಿಗೆ ಅಲ್ಲಿ ಬೇರೆಯೇ ಕಾದಿತ್ತು. ಯಾರು ಏನೇ ಓದಲಿ, ಸಂವಿಧಾನ, ಪರಿಸರ, ಒಂದಿಷ್ಟು ವಿಜ್ಞಾನ ಎಲ್ಲರಿಗೂ ಕಡ್ಡಾಯ. ಅದು ಸಾಲದೆಂದು ಪ್ರತಿಯೊಬ್ಬರೂ ಒಂದು ‘ಮೈನರ್’ ಮುಗಿಸಬೇಕು. ಸಂಗೀತ, ಟೈಪಿಂಗು, ತೋಟಗಾರಿಕೆ, ಸೇವೆ, ಹೀಗೆ ಪಟ್ಟಿಯಿತ್ತು. ಸೇವೆಗೆ ಪರೀಕ್ಷೆ ಇಲ್ಲವೆಂದು ಗೊತ್ತಾದದ್ದೇ ತಡ, ನಾನು ಅದಕ್ಕೆ ಗುರುತು ಹಾಕಿದೆ.

ಸೇವೆಯೆಂದರೆ ಹನ್ನೆರಡು ಶನಿವಾರ ಕಾಲೇಜಿನ ಹಿಂದಿನ ವೃದ್ಧಾಶ್ರಮದಲ್ಲಿ ಮಧ್ಯಾಹ್ನದ ಊಟ ಬಡಿಸುವುದು. ಪ್ರತಿ ವಾರ ಒಂದು ನೀಲಿ ಕಾರ್ಡಿಗೆ ಸಿಸ್ಟರರ ಸಹಿ. ಹನ್ನೆರಡು ಸಹಿ ಬೀಳದಿದ್ದರೆ ಕೊನೆಯ ವರ್ಷದ ಹಾಲ್ ಟಿಕೆಟ್ ಇಲ್ಲ.

ಬಡಿಸುವುದೆಂದರೆ ನನಗೆ ನೀರು ಕುಡಿದಷ್ಟು ಸುಲಭ. ಸಿದ್ದಾಪುರದ ಕಡೆಯ ನಮ್ಮ ಅಜ್ಜ ಸುತ್ತಲಿನ ಊರುಗಳ ಮದುವೆ ಮುಂಜಿಗಳಲ್ಲಿ ಬಡಿಸುವವರ ಮುಂದಾಳು. ಬಕೆಟ್ಟು ಎಷ್ಟು ಓರೆ ಮಾಡಬೇಕು, ಉಣ್ಣುವವನ ‘ಸಾಕು’ ಎಷ್ಟು ನಿಜ ಎಷ್ಟು ದಾಕ್ಷಿಣ್ಯ, ಎಲ್ಲ ಅವರಿಂದ ಕಲಿತದ್ದು. ಆಶ್ರಮ ನೋಡಿಕೊಳ್ಳುತ್ತಿದ್ದ ಮಂಗಳೂರು ಕಡೆಯ ಸಿಸ್ಟರು ಮೊದಲ ವಾರವೇ, “ನೀನು ಹುಟ್ಟುವಾಗಲೇ ಸೌಟು ಹಿಡಿದುಕೊಂಡು ಬಂದದ್ದಾ ಮಾರಾಯ?” ಎಂದು ನಕ್ಕಿದ್ದರು. ಹನ್ನೊಂದು ಶನಿವಾರ ಹೀಗೆ ಸರಾಗವಾಗಿ ಕಳೆಯಿತು.

ಹನ್ನೆರಡನೆಯ ವಾರದ ಸೋಮವಾರ ವಜ್ರಳ್ಳಿಯಲ್ಲಿ ನಮ್ಮ ದಾಯಾದಿಗಳಲ್ಲೊಬ್ಬರು ತೀರಿಕೊಂಡರೆಂದು ಫೋನು ಬಂತು. ಹತ್ತು ದಿನ ಸೂತಕ. ಸೂತಕದವರು ಬೇರೆಯವರಿಗೆ ಬಡಿಸುವಂತಿಲ್ಲ, ಮುಟ್ಟುವಂತಿಲ್ಲ. ಸುದ್ದಿ ಕೇಳಿ ತಲೆಗೆ ನೀರು ಹಾಕಿಕೊಂಡೆ, ಅಷ್ಟೇ. ಆಮೇಲೆ ಖಾನಾವಳಿಯಲ್ಲಿ ಎಲ್ಲರ ಸಾಲಿನಲ್ಲೇ ಕೂತು ಉಂಡೆ, ಗೆಳೆಯರ ಹೆಗಲ ಮೇಲೆ ಕೈ ಹಾಕಿ ತಿರುಗಿದೆ. ಸೂತಕ ಅಂತೊಂದಿದೆ ಎಂಬುದೇ ಮರೆತುಹೋಗಿತ್ತು.

ಶನಿವಾರ ಆಶ್ರಮದಲ್ಲಿ ಅನ್ನದ ಬಕೆಟ್ಟು ಎತ್ತಿದೆ. ಸಾಲಿನ ಮೊದಲಿಗೇ ಹೊಸಬರೊಬ್ಬರು ಕೂತಿದ್ದರು. ಗುಡ್ನಾಪುರದ ಕಡೆಯ ಮುದುಕರು. ಕುಷ್ಠ ಬಂದು ವಾಸಿಯಾಗಿ ಎಷ್ಟೋ ವರ್ಷವಾಗಿತ್ತಂತೆ. ಬಲಗೈಯ ಬೆರಳುಗಳು ಅರ್ಧಕ್ಕೇ ನಿಂತಿದ್ದವು. ಆ ಕೈಯಿಂದಲೇ ತಟ್ಟೆಯನ್ನು ನನ್ನ ಕಡೆ ಸರಿಸಿದರು.

ನಾನು ಬಕೆಟ್ಟು ಕೆಳಗಿಟ್ಟೆ.

“ಎಂತ ಆಯ್ತು? ಕೈ ಉಳುಕಿತಾ?” ಎಂದರು ಸಿಸ್ಟರು.

“ಇಲ್ಲ ಸಿಸ್ಟರ್, ನನಗೆ ಸೂತಕ. ಬಡಿಸುವ ಹಾಗಿಲ್ಲ.”

“ಯಾವಾಗಿನಿಂದ?”

“ಸೋಮವಾರದಿಂದ.”

“ನಿನ್ನೆ ಕ್ಯಾಂಟೀನಿನಲ್ಲಿ ಎಲ್ಲರಿಗೂ ಚಹಾ ಹಂಚುತ್ತಾ ಇದ್ದದ್ದು ನೀನೇ ಅಲ್ವಾ?”

ಮುದುಕರು ನನ್ನನ್ನು ನೋಡಲಿಲ್ಲ. ಚಾಚಿದ್ದ ಕೈಯನ್ನು ಮೆಲ್ಲಗೆ ಹೆಗಲ ಮೇಲಿನ ಟವೆಲ್ಲಿನ ಅಡಿಗೆ ಎಳೆದುಕೊಂಡರು. ಸಿಸ್ಟರು ತಾವೇ ಬಡಿಸಿದರು. ಕಾರ್ಡಿಗೆ ಸಹಿ ಹಾಕಲಿಲ್ಲ. ಅದನ್ನು ಕಚೇರಿಗೆ ಒಪ್ಪಿಸುವುದಕ್ಕೆ ಮುಂದಿನ ಶನಿವಾರ ಕಳೆದು ಬರುವ ಸೋಮವಾರವೇ ಕಡೆ.

ಕೂತಲ್ಲಿ ಕೂರಲಾರದಂತಾಯಿತು. ಪುಸ್ತಕ ತೆಗೆಯುವುದು, ಮುಚ್ಚುವುದು. ಬಸ್ ಸ್ಟ್ಯಾಂಡಿನ ತನಕ ನಡೆಯುವುದು, ಸುಮ್ಮನೆ ವಾಪಸು ಬರುವುದು. ಸೂತಕ ಸುಳ್ಳಲ್ಲವಲ್ಲ, ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕೊನೆಗೆ ಸೂತಕ ಕಳೆದ ಮರುದಿನ ಸಿದ್ದಾಪುರದ ಬಸ್ಸು ಹತ್ತಿದೆ. ಮನೆಯ ಹಿರಿಯರ ಒಂದು ಚೀಟಿ ತಂದರೆ ಸಿಸ್ಟರು ನಂಬಿಯಾರು ಎಂಬ ಆಸೆ.

ಅಜ್ಜ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತ ಎಲ್ಲ ಕೇಳಿದರು.

“ವಾರಪೂರ್ತಿ ಖಾನಾವಳಿಲಿ ಎಲ್ಲರ ಸಂತಿಗೆ ಕೂತ್ಕಂಡು ಉಂಡೆ ಅಲ್ದಾ?”

“ಹೌದು.”

“ಎಲ್ಲರನ್ನೂ ಮುಟ್ಟಿದೆ. ಅವಾಗೆಲ್ಲ ಇಲ್ದೇ ಇದ್ದ ಸೂತಕ ಆ ಮುದುಕನ ತಟ್ಟೆ ಎದುರಿಗೆ ಬಂತು. ಅಲ್ದನಾ ತಮಾ?”

“ಅಜ್ಜಾ, ಸೂತಕ ಇದ್ದಿದ್ದು ನಿಜ ಅಲ್ದಾ? ಅಷ್ಟನ್ನೇ ಬರದು ಕೊಡು.”

“ಸೂತಕ ಇದ್ದಿತ್ತು ಹೇಳಿ ಬರಿಲಕ್ಕು. ನೀನು ಬಕೆಟ್ಟು ಕೆಳಗಿಟ್ಟಿದ್ದು ಅದಕ್ಕೇ ಹೇಳಿ ಆನು ಹ್ಯಾಂಗೆ ಬರೀಲಿ? ಅದು ನಿಂಗೇ ಗೊತ್ತಿಲ್ಲೆ.” ಎದ್ದು ಅಂಗಳದ ಅಂಚಿಗೆ ಹೋಗಿ ಉಗುಳಿ ಬಂದರು. “ಉಂಡ್ಕಂಡು ಹೋಗು. ಚೀಟಿ ಕೊಡ್ತ್ನಿಲ್ಲೆ.”

ಅವರ ಮೇಲೆ ಸಿಟ್ಟು ಬಂತು. ಬಸ್ಸಿನಲ್ಲಿ ಶಿರಸಿ ಮುಟ್ಟುವವರೆಗೂ ಆರಲಿಲ್ಲ.

ಶನಿವಾರ ಚೀಟಿಯಿಲ್ಲದೆಯೇ ಹೋಗಿ ಸಿಸ್ಟರರ ಮುಂದೆ ಕಾರ್ಡು ಇಟ್ಟೆ. ವಿವರಣೆ ಶುರು ಮಾಡುವಷ್ಟರಲ್ಲಿ ಅವರು ಕೈ ಅಡ್ಡ ಹಿಡಿದರು. “ನನಗೆ ಹೇಳಬೇಡ. ಇವತ್ತು ಸಾಲಿನಲ್ಲಿ ಒಬ್ಬರನ್ನೂ ಬಿಡದೆ ಬಡಿಸು. ಆಮೇಲೆ ಸಹಿ.”

ಬಕೆಟ್ಟು ಹಿಡಿದು ಸಾಲಿನ ಮೊದಲಿಗೆ ಬಂದೆ. ಮುದುಕರು ತಟ್ಟೆಯನ್ನು ಬೋರಲು ಹಾಕಿದರು.

“ನಮಗ ಬ್ಯಾಡ್ರಿ ಭಟ್ರ. ಮುಂದ ಹೋಗ್ರಿ.”

“ಅಜ್ಜಾ, ಸ್ವಲ್ಪ...”

“ಹಸಿವಿಲ್ಲ ಅಂದ್ನಲ್ರಿ.”

ಆಚೆ ತುದಿಯಿಂದ ಒಬ್ಬ ಅಜ್ಜಿ ಕೂಗಿದಳು: “ಅನ್ನ ಆರ್ತದೋ! ನಿಮ್ಮ ಪಂಚಾಯ್ತಿಕೆ ಆಮೇಲೆ ಮಾಡ್ಕಳಿ!”

ಉಳಿದವರಿಗೆಲ್ಲ ಅನ್ನ ಹಾಕಿದೆ, ಸಾರು ಹಾಕಿದೆ. ತಿರುಗಿ ನೋಡಿದರೆ ಅವರ ತಟ್ಟೆ ಬೋರಲಾಗಿಯೇ ಇತ್ತು. ಕಾರ್ಡು ನೆನಪಾಯಿತು. ಹಿಂದೆಯೇ, ಈ ಹೊತ್ತಿನಲ್ಲೂ ನೆನಪಾದದ್ದು ಕಾರ್ಡೇ ಅಲ್ಲವೇ ಎಂದು ನಾಚಿಕೆಯಾಯಿತು. ಏನು ಮಾಡುವುದೆಂದು ತೋಚದೆ ಬಕೆಟ್ಟು ಬದಿಗಿಟ್ಟು ಅವರ ಪಕ್ಕದಲ್ಲೇ ಕೂತುಬಿಟ್ಟೆ. ಅಷ್ಟೂ ಶನಿವಾರ ನಾನು ಅಲ್ಲಿ ಒಂದು ತುತ್ತೂ ಉಂಡವನಲ್ಲ. ಬಡಿಸಿ ಕೈ ತೊಳೆದು ಖಾನಾವಳಿಗೆ ಓಡುತ್ತಿದ್ದೆ. ಸಿಸ್ಟರು ಏನೂ ಕೇಳದೆ ನನ್ನ ಮುಂದೊಂದು ತಟ್ಟೆಯಿಟ್ಟು ಅನ್ನ ಸಾರು ಹಾಕಿದರು. ನಾನು ಕಲಸಿದೆ.

ಮುದುಕರು ಓರೆಗಣ್ಣಿನಲ್ಲಿ ನೋಡುತ್ತಿದ್ದರು.

“ಸೂತಕ ಮುಗೀತೇನ್ರಿ?”

“ಮುಗೀತು.” ಆಮೇಲೆ ತಡೆಯಲಾಗಲಿಲ್ಲ. “ಅವತ್ತು ಸೂತಕ ಇದ್ದದ್ದು ಖರೆ ಅಜ್ಜಾ. ಆದರೆ ಬಕೆಟ್ಟು ಇಟ್ಟದ್ದು ಅದಕ್ಕೇನಾ, ನಿಮ್ಮ ಕೈ ನೋಡಿಯಾ, ನನಗೆ ಗೊತ್ತಿಲ್ಲ.”

ಅವರು ನನ್ನ ತಟ್ಟೆಯ ಕಡೆ ನೋಡಿದರು. ಕಲಸಿದ ಅನ್ನ ಹಾಗೇ ಇತ್ತು.

“ಸಾರು ಸಪ್ಪಗೈತೇನು? ಮಾರಿ ನೋಡು ಹೆಂಗ ಮಾಡೀದಿ,” ಎಂದು ತಟ್ಟೆ ಮಗುಚಿ ನೆಟ್ಟಗಿಟ್ಟರು. “ಆ ಉಪ್ಪು ಕೊಡು ಇತ್ತ.”

ಉಪ್ಪಿನ ಡಬ್ಬಿ ನನ್ನ ಬದಿಗಿತ್ತು. ಚಮಚ ಇರಲಿಲ್ಲ. ಚಾಚಿದ ಅಂಗೈ ನೋಡಿ ಮತ್ತೆ ಕೈ ನಿಂತಿತು. “ಅಜ್ಜಾ, ಉಪ್ಪು ಕೈಯಿಂದ ಕೈಗೆ ಕೊಡಬಾರದಂತೆ. ಜಗಳ ಆಗ್ತದಂತೆ.”

“ಆಗೂದೆಲ್ಲ ಆಗೇತಲ್ಲೋ ಹುಚ್ಚಪ್ಪಾ, ಇನ್ನೇನು ಜಗಳ ಉಳದೈತಿ? ಹಾಕು!”

ಎಡಗೈಯಿಂದ ಚಿಟಿಕೆ ಉಪ್ಪು ತೆಗೆದು ಅವರ ಅಂಗೈಗೆ ಹಾಕಿದೆ. ನನ್ನ ಬೆರಳು ತಾಗಿತು. ಎಂಜಲು ಕೈ ತೊಳೆದು ಬಂದು ಬಕೆಟ್ಟು ಎತ್ತಿದೆ. ಅವರು ಎರಡು ಸಲ ಅನ್ನ ಹಾಕಿಸಿಕೊಂಡರು. ಎರಡನೆಯ ಸಲ ‘ಸಾಕು’ ಎಂದದ್ದು ದಾಕ್ಷಿಣ್ಯಕ್ಕೆಂದು ತಿಳಿದು ಇನ್ನೊಂದು ಸೌಟು ಹಾಕಿದೆ, ಬೈಸಿಕೊಂಡೆ.

ಬಾಗಿಲಲ್ಲಿ ನಿಂತಿದ್ದ ಸಿಸ್ಟರು ಒಳಗೆ ಪೆನ್ನು ಹುಡುಕಲು ಹೋದರು.